ರಾ ಫೋಟೋಗಳನ್ನು ಜೆಪೆಗ್ ಮಾಡಲು ಇಂಟರ್ನೆಟ್ ಬೇಕಿಲ್ಲ

ಪ್ರಶ್ನೆ: ನನ್ನ ಹತ್ತಿರ ನಿಕಾನ್‌ನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ತಂಗಿಯ ಮಗುವಿನ ನಾಮಕರಣದಲ್ಲಿ ಸುಮಾರು 400 ಫೋಟೋ ತೆಗೆದೆ. ಕ್ಯಾಮೆರಾ ರಾ ಮೋಡ್‌ನಲ್ಲಿ ಇದ್ದಿದ್ದರಿಂದ ಎಲ್ಲವೂ ಎನ್‌ಇಎಫ್ ಫೈಲುಗಳಾಗಿವೆ. ಮನೆಯವರ ಫೋನಿನಲ್ಲಿ ತೆರೆಯುತ್ತಿಲ್ಲ. ಹುಡುಕಿದರೆ ಬರೀ ಆನ್‌ಲೈನ್ ಕನ್ವರ್ಟರ್‌ಗಳೇ ಸಿಗುತ್ತವೆ. ಮಗುವಿನ ಫೋಟೋಗಳನ್ನು ಗುರುತು ಪರಿಚಯ ಇಲ್ಲದವರ ಸರ್ವರ್‌ಗೆ ಹಾಕಲು ಮನಸ್ಸಿಲ್ಲ. ನನ್ನ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲೇ, ದುಡ್ಡು ಕೊಡದೆ, ಇವನ್ನು ಜೆಪೆಗ್ ಮಾಡಬಹುದೇ? ಕೆಲವನ್ನು ಆಲ್ಬಮ್‌ಗೆ ಪ್ರಿಂಟ್ ಕೂಡ ಹಾಕಿಸಬೇಕು.

ಉತ್ತರ: ಧಾರಾಳವಾಗಿ ಮಾಡಬಹುದು. ನಿಕಾನ್ ಕಂಪನಿಯೇ ಎನ್‌ಎಕ್ಸ್ ಸ್ಟುಡಿಯೋ ಅನ್ನುವ ತಂತ್ರಾಂಶವನ್ನು 2021ರಿಂದ ಉಚಿತವಾಗಿ ಕೊಡುತ್ತಿದೆ. ನಿಕಾನ್‌ನ ಅಧಿಕೃತ ಡೌನ್‌ಲೋಡ್ ಪುಟದಿಂದಲೇ ಇಳಿಸಿಕೊಳ್ಳಿ. ಹುಡುಕಾಟದ ಪುಟದಲ್ಲಿ ಮೇಲುಗಡೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಇನ್‌ಸ್ಟಾಲ್ ಆದ ಮೇಲೆ ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಫೋಟೋಗಳಿರುವ ಫೋಲ್ಡರ್ ತೆರೆದು, ಎಲ್ಲವನ್ನೂ ಆರಿಸಿಕೊಂಡು, ಎಕ್ಸ್‌ಪೋರ್ಟ್ ಒತ್ತಿ, ಜೆಪೆಗ್ ಅಂತ ಹೇಳಿದರೆ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ನೀವು ಊಟ ಮಾಡಿ ಬನ್ನಿ. ವೈಫೈ ಆರಿದ್ದರೂ ಕೆಲಸ ನಡೆಯಿತು ಅಂದರೆ ಲೆಕ್ಕವೆಲ್ಲ ನಿಮ್ಮ ಯಂತ್ರದಲ್ಲೇ ಆಯಿತು ಎಂದರ್ಥ.

ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮ ಚಿಂತೆ ಫಾರ್ಮ್ಯಾಟ್‌ಗಿಂತ ಜಾಸ್ತಿ ಮಗುವಿನ ಫೋಟೋ ಎಲ್ಲಿಗೆ ಹೋಗುತ್ತದೆ ಅನ್ನುವುದರ ಬಗ್ಗೆ, ಅಲ್ವಾ? ಅದಕ್ಕೆ ಕನ್ವರ್ಟರ್ ತಾಣಗಳಿಂದ ದೂರ ಇದ್ದರಷ್ಟೇ ಸಾಲದು. ಲ್ಯಾಪ್‌ಟಾಪ್ ತಾನಾಗಿಯೇ ಫೋಟೋಗಳನ್ನು ಹೊರಗೆ ಕಳಿಸುತ್ತಿರಬಹುದು. ಜೆಪೆಗ್ ಫೈಲಿನ ಒಳಗೂ ನೀವು ಹೇಳಬಯಸದ ಮಾಹಿತಿ ಕೂತಿರಬಹುದು. ಅವೆರಡೂ ಮುಂದೆ ಬರುತ್ತವೆ.

ಮೊದಲು ಆನ್‌ಲೈನ್ ತಾಣಗಳ ವಿಷಯ. ಗುಟ್ಟಿನ ಮಾತು ಬದಿಗಿಟ್ಟರೂ ನಿಮ್ಮ ಕೆಲಸಕ್ಕೆ ಅವು ಹೊಂದುವುದಿಲ್ಲ. 24 ಮೆಗಾಪಿಕ್ಸೆಲ್‌ನ ಎನ್‌ಇಎಫ್ ಒಂದೊಂದೂ ಸುಮಾರು 25ರಿಂದ 30 ಎಂಬಿ ಇರುತ್ತದೆ. 400 ಫೋಟೋ ಅಂದರೆ ಹತ್ತು ಹನ್ನೊಂದು ಜಿಬಿ. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೂ ಬರೀ ಕಳಿಸುವುದಕ್ಕೇ ಒಂದು ಗಂಟೆ ಮೀರುತ್ತದೆ. ಆಮೇಲೆ ಮತ್ತೆ ಇಳಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಅಷ್ಟರೊಳಗೆ ತಾನೇ ಮಾಡಿ ಮುಗಿಸುವ ಕೆಲಸ ಅದು.

ಗುಟ್ಟಿನ ವಿಷಯಕ್ಕೆ ಬಂದರೆ, ಆ ತಾಣಗಳೆಲ್ಲ ಕಳ್ಳರದ್ದು ಅಂತ ನಾನು ಹೇಳುವುದಿಲ್ಲ. ‘ಒಂದು ಗಂಟೆಯಲ್ಲಿ ಅಳಿಸಿಬಿಡುತ್ತೇವೆ’ ಅಂತ ಬರೆದವರು ನಿಜವಾಗಿಯೂ ಅಳಿಸುತ್ತಿರಬಹುದು. ತೊಂದರೆ ಏನೆಂದರೆ, ಅಳಿಸಿದರೋ ಇಲ್ಲವೋ ನೋಡಲು ನಮಗೆ ದಾರಿಯೇ ಇಲ್ಲ. ಇನ್ನೊಂದು ಅಪಾಯ ಬರುವುದು ಇಳಿಸಿಕೊಳ್ಳುವ ಕಡೆಯಿಂದ. ಉಚಿತ ಕನ್ವರ್ಟರ್ ಹೆಸರಿನಲ್ಲಿ ಕಂಪ್ಯೂಟರಿಗೆ ದುಷ್ಟ ತಂತ್ರಾಂಶ ಸೇರಿಸುವವರಿದ್ದಾರೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಇದರಲ್ಲಿ ಒಂದು ಬೇರೆ ಜಾತಿಯೂ ಇದೆ. ಕೆಲವು ತಾಣಗಳು ಫೋಟೋವನ್ನು ಎಲ್ಲಿಗೂ ಕಳಿಸದೆ ನಿಮ್ಮ ಬ್ರೌಸರ್ ಒಳಗೇ ಪರಿವರ್ತನೆ ಮಾಡುತ್ತವೆ. ವೆಬ್‌ಅಸೆಂಬ್ಲಿ ಅನ್ನುವ ತಂತ್ರಜ್ಞಾನ ಬಂದ ಮೇಲೆ ಇದು ಸಾಧ್ಯವಾಗಿದೆ. ಆದರೆ ‘ನಿಮ್ಮ ಫೈಲು ನಿಮ್ಮಲ್ಲೇ ಇರುತ್ತದೆ’ ಅನ್ನುವ ಸಾಲನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಪರೀಕ್ಷೆ ಸುಲಭ. ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಪುಟ ಪೂರ್ತಿ ತೆರೆದುಕೊಳ್ಳಲಿ. ನಂತರ ವೈಫೈ ಆಫ್ ಮಾಡಿ. ಈಗ ಗೋಡೆಯದ್ದೋ ಹೂಕುಂಡದ್ದೋ ಒಂದು ರಾ ಫೋಟೋ ಕೊಟ್ಟು ನೋಡಿ. ಜೆಪೆಗ್ ಬಂದರೆ ಕೆಲಸ ಬ್ರೌಸರ್‌ನಲ್ಲೇ ಆಗಿದೆ. ಕಿಟಕಿ ಮುಚ್ಚಿದ ಮೇಲೆಯೇ ವೈಫೈ ಮತ್ತೆ ಹಾಕಿ. ಒಂದೆರಡು ಫೋಟೋಗೆ ಇದು ನಡೆಯುತ್ತದೆ. ನಾನೂರಕ್ಕೆ ಬೇಡ.

ಈಗ ಫೋನಿನಲ್ಲಿ ಯಾಕೆ ತೆರೆಯುತ್ತಿಲ್ಲ ಅನ್ನುವುದು. ಸ್ವಲ್ಪ ತಾಂತ್ರಿಕ ವಿಷಯ, ಆದರೆ ಇದು ಗೊತ್ತಿದ್ದರೆ ಮುಂದೆ ಗಾಬರಿಯಾಗುವುದಿಲ್ಲ. ಎನ್‌ಇಎಫ್ ಇನ್ನೂ ಚಿತ್ರವೇ ಆಗಿಲ್ಲ. ಅದು ಸೆನ್ಸರ್ ಅಳೆದ ಬೆಳಕಿನ ಲೆಕ್ಕ. ಸೆನ್ಸರ್‌ನ ಒಂದೊಂದು ಚುಕ್ಕಿಯ ಮೇಲೂ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದೇ ಬಣ್ಣದ ಸೋಸುಗಾಜು ಇರುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಅಂದರೆ ಪ್ರತಿ ಚುಕ್ಕಿಗೂ ಗೊತ್ತಿರುವುದು ಒಂದೇ ಬಣ್ಣ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ತಂತ್ರಾಂಶ ಊಹಿಸಬೇಕು. ಆಮೇಲೆ ಬಿಳಿ ಯಾವುದು, ಎಷ್ಟು ಹೊಳಪು, ಎಷ್ಟು ಕಾಂಟ್ರಾಸ್ಟ್ ಅಂತ ತೀರ್ಮಾನಿಸಬೇಕು. ರಾ ಅಂದರೆ ರುಬ್ಬಿಟ್ಟ ಹಿಟ್ಟು, ಜೆಪೆಗ್ ಅಂದರೆ ಹುಯ್ದ ದೋಸೆ. ಹಿಟ್ಟಿನಿಂದ ಎಷ್ಟು ಸಲ ಬೇಕಾದರೂ ದೋಸೆ ಹುಯ್ಯಬಹುದು, ದೋಸೆಯಿಂದ ಹಿಟ್ಟು ಬರುವುದಿಲ್ಲ.

ಲೆಕ್ಕದಲ್ಲಿ ಹೇಳುವುದಾದರೆ, 14 ಬಿಟ್‌ನ ರಾ ಫೈಲು ಪ್ರತಿ ಚುಕ್ಕಿಯ ಬೆಳಕನ್ನು 16,384 ಮಟ್ಟಗಳಲ್ಲಿ ಬರೆದಿಡುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟ ಮಾತ್ರ. ನೋಡುವುದಕ್ಕೆ ಅಷ್ಟು ಸಾಕು. ಕತ್ತಲಾಗಿ ಬಂದ ಫೋಟೋವನ್ನು ಆಮೇಲೆ ಬೆಳಗಿಸಬೇಕು ಅಂದರೆ ಸಾಲದು. ಹಾಗಾಗಿ ಜೆಪೆಗ್ ಆದ ಮೇಲೆ ಎನ್‌ಇಎಫ್‌ಗಳನ್ನು ಅಳಿಸಬೇಡಿ. ಒಂದು ಹೊರಗಿನ ಡಿಸ್ಕ್‌ಗೆ ಹಾಕಿಡಿ. ಸಾಧ್ಯವಾದರೆ ಎರಡಕ್ಕೆ.

ಒಂದೇ ಎನ್‌ಇಎಫ್ ಬೇರೆ ಬೇರೆ ತಂತ್ರಾಂಶದಲ್ಲಿ ಬೇರೆ ಬೇರೆ ಥರ ಕಾಣುವುದು ಇದೇ ಕಾರಣಕ್ಕೆ. ಎನ್‌ಎಕ್ಸ್ ಸ್ಟುಡಿಯೋಗೆ ನಿಕಾನ್‌ನದೇ ಪಿಕ್ಚರ್ ಕಂಟ್ರೋಲ್, ಅಂದರೆ ಕ್ಯಾಮೆರಾದ ಬಣ್ಣ, ಕಾಂಟ್ರಾಸ್ಟ್‌ನ ಸೆಟ್ಟಿಂಗ್, ಗೊತ್ತು. ಆದ್ದರಿಂದ ಕ್ಯಾಮೆರಾದ ಪರದೆಯಲ್ಲಿ ನೋಡಿದ ಬಣ್ಣವೇ ಹೆಚ್ಚುಕಡಿಮೆ ಬರುತ್ತದೆ. ಡಾರ್ಕ್‌ಟೇಬಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದರೆ ಮೊದಲಿಗೆ ಸಪ್ಪೆ ಅನಿಸಬಹುದು. ಫೋಟೋ ಹಾಳಾಗಿಲ್ಲ. ಬಣ್ಣ, ಕಾಂಟ್ರಾಸ್ಟ್ ನೀವೇ ತಿದ್ದಿಕೊಳ್ಳಲಿ ಅಂತ ಅದು ಬಿಟ್ಟಿದೆ ಅಷ್ಟೇ. ರಾಥೆರಪಿ ಅನ್ನುವ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಒಂದು ಜಾಣ ಉಪಾಯ ಇದೆ. ರಾ ಫೈಲಿನ ಒಳಗೇ ಕ್ಯಾಮೆರಾ ಇಟ್ಟಿರುವ ಜೆಪೆಗ್ ನೋಡಿಕೊಂಡು, ಅದಕ್ಕೆ ಹೊಂದುವ ಹಾಗೆ ಹೊಳಪನ್ನು ತಾನೇ ಸರಿಮಾಡುತ್ತದೆ. ಎರಡೂ ಮುಕ್ತ ತಂತ್ರಾಂಶಗಳು. ಖಾತೆ ಕೇಳುವುದಿಲ್ಲ, ಲಾಗಿನ್ ಇಲ್ಲ, ನೆಟ್ ಇಲ್ಲದೆ ಕೆಲಸ ಮಾಡುತ್ತವೆ. ಕಲಿಯುವ ಉಮೇದು ಇದ್ದರೆ ನನ್ನ ಮತ ರಾಥೆರಪಿಗೆ. ನಾಮಕರಣದ ಫೋಟೋ ಈ ವಾರವೇ ಮನೆಯವರಿಗೆ ಬೇಕು ಅಂದರೆ ಎನ್‌ಎಕ್ಸ್ ಸ್ಟುಡಿಯೋ ಸಾಕು.

ನಿಕಾನ್ ಬಳಸುವವರಿಗೆ ಇಷ್ಟವಾಗುವ ಒಂದು ಹಳೆಯ ಕಥೆ. ರಾ ಫೈಲಿನ ಒಳರಚನೆಯನ್ನು ಕ್ಯಾಮೆರಾ ಕಂಪನಿಗಳು ಸಾಮಾನ್ಯವಾಗಿ ಬಹಿರಂಗ ಮಾಡುವುದಿಲ್ಲ. ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್ 1997ರಿಂದ ಒಂದೊಂದೇ ಫಾರ್ಮ್ಯಾಟನ್ನು ಬಿಡಿಸಿ ಡಿಸಿರಾ ಅನ್ನುವ ಪುಟ್ಟ ಪ್ರೋಗ್ರಾಂ ಬರೆಯುತ್ತಾ ಬಂದರು. 2005ರಲ್ಲಿ ನಿಕಾನ್ ಡಿ2ಎಕ್ಸ್ ಕ್ಯಾಮೆರಾದ ಎನ್‌ಇಎಫ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಯಾವುದು ಅನ್ನುವ) ಮಾಹಿತಿ ಗೂಢಲಿಪಿಯಲ್ಲಿದೆ ಅಂತ ದೊಡ್ಡ ಗಲಾಟೆಯಾಯಿತು. ಕಾಫಿನ್ ಅದನ್ನೂ ಬಿಡಿಸಿದರು. ಆ ಡಿಸಿರಾದಿಂದಲೇ ಲಿಬ್‌ರಾ ಅನ್ನುವ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡ್‌ನ ಕಟ್ಟು, ಬೆಳೆಯಿತು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ ರಾ ಇಮೇಜ್ ಎಕ್ಸ್‌ಟೆನ್ಷನ್ ಕೂಡ ಇದೇ ಲಿಬ್‌ರಾ ಬಳಸುತ್ತದೆ. ಅದನ್ನು ಹಾಕಿಕೊಂಡರೆ ವಿಂಡೋಸ್ ಫೋಲ್ಡರ್‌ನಲ್ಲೇ ಎನ್‌ಇಎಫ್‌ನ ಚಿತ್ರಗಳು ಕಾಣುತ್ತವೆ. ಹಾಕಿಕೊಳ್ಳಿ, ಆಯ್ಕೆ ಮಾಡಲು ಅನುಕೂಲ.

ಎನ್‌ಇಎಫ್‌ನ ಒಳಗೊಂದು ಜೆಪೆಗ್ ಇದೆ ಅಂದೆನಲ್ಲ, ಅದು ನಿಮಗೆ ಇನ್ನೂ ಸುಲಭದ ದಾರಿ ಆಗಬಹುದು. ಕ್ಯಾಮೆರಾದ ಪರದೆಯಲ್ಲಿ ಫೋಟೋ ತೋರಿಸಲು ಪ್ರತಿ ರಾ ಫೈಲಿಗೂ ಕ್ಯಾಮೆರಾ ಒಂದು ಸಿದ್ಧ ಜೆಪೆಗ್ ಸೇರಿಸುತ್ತದೆ. ನಿಕಾನ್‌ನ ಬಹುತೇಕ ಮಾದರಿಗಳಲ್ಲಿ ಇದು ಪೂರ್ಣ ಅಳತೆಯದ್ದೇ ಇರುತ್ತದೆ, ಗುಣಮಟ್ಟ ಮಾತ್ರ ಬೇಸಿಕ್. ಇರ್ಫಾನ್‌ವ್ಯೂನಂಥ ಚಿತ್ರ ವೀಕ್ಷಕಗಳಿಗೆ ರಾ ಬದಲು ಈ ಒಳಗಿನ ಜೆಪೆಗ್ ತೆರೆ ಅಂತ ಹೇಳಬಹುದು. ಎಕ್ಸಿಫ್‌ಟೂಲ್ ಅನ್ನುವ ಸಾಧನ ಅದನ್ನು ಹಾಗ್‌ಹಾಗೇ ಹೊರಗೆ ತೆಗೆದು ಕೊಡುತ್ತದೆ. ಇಲ್ಲಿ ಪರಿವರ್ತನೆಯೇ ಇಲ್ಲ, ಬರೀ ತೆಗೆದು ಇಡುವುದು. ನಾನೂರು ಫೋಟೋ ಬಹಳ ಬೇಗ ಮುಗಿಯುತ್ತದೆ. ಕೆಲವು ಸಲ ಉದ್ದ ಹಿಡಿದು ತೆಗೆದ ಫೋಟೋಗಳು ಅಡ್ಡ ಮಲಗುತ್ತವೆ, ಅವನ್ನು ತಿರುಗಿಸಿದರಾಯಿತು. ವಾಟ್ಸಾಪ್‌ನಲ್ಲಿ ಕಳಿಸಲು ಈ ಗುಣಮಟ್ಟ ಧಾರಾಳ. ಆಲ್ಬಮ್‌ಗೆ ಬೇಡ.

ಕ್ಯಾಮೆರಾದ ಒಳಗೇ ಪರಿವರ್ತಿಸುವ ಸೌಲಭ್ಯವೂ ಇದೆ. ರಿಟಚ್ ಮೆನುವಿನಲ್ಲಿ, ಹೊಸ ಮಾದರಿಗಳಲ್ಲಿ ಫೋಟೋ ನೋಡುವಾಗಿನ ಐ ಮೆನುವಿನಲ್ಲಿ, ಎನ್‌ಇಎಫ್ ಪ್ರೊಸೆಸಿಂಗ್ ಅನ್ನುವ ಆಯ್ಕೆ ಹುಡುಕಿ. ಕಂಪ್ಯೂಟರೇ ಬೇಡ. ಆದರೆ ಹಳೆಯ ಹಲವು ಮಾದರಿಗಳಲ್ಲಿ ಒಂದೊಂದನ್ನೇ ಮಾಡಬೇಕು. ಅಜ್ಜಿಗೆ ತಕ್ಷಣ ಒಂದು ಫೋಟೋ ಕಳಿಸಬೇಕು ಅಂದಾಗ ಉಪಯೋಗಕ್ಕೆ ಬರುತ್ತದೆ.

ಎಕ್ಸ್‌ಪೋರ್ಟ್ ಒತ್ತುವ ಮೊದಲು ಒಂದು ಕೆಲಸ ಮಾಡಿ. ಛತ್ರದ ಒಳಗೆ ತೆಗೆದ ಫೋಟೋಗಳು ಹಳದಿಗೆ ತಿರುಗಿರುತ್ತವೆ. ವಿಡಿಯೋದವರ ದೀಪ ಒಂದು ಬಣ್ಣ, ಚಾವಣಿಯ ದೀಪ ಇನ್ನೊಂದು ಬಣ್ಣ. ಬಿಳಿ ಪಂಚೆಯನ್ನೋ ತೊಟ್ಟಿಲ ಬಟ್ಟೆಯನ್ನೋ ಗುರುತು ಮಾಡಿ ವೈಟ್ ಬ್ಯಾಲೆನ್ಸ್ ಸರಿಪಡಿಸಿ. ಅದೇ ತಿದ್ದುಪಡಿಯನ್ನು ಅದೇ ಬೆಳಕಿನಲ್ಲಿ ತೆಗೆದ ಉಳಿದ ಫೋಟೋಗಳಿಗೂ ಅಂಟಿಸಬಹುದು. ರಾ ತೆಗೆದಿದ್ದರ ಪೂರ್ತಿ ಲಾಭ ಸಿಗುವುದು ಇಲ್ಲೇ. ಜೆಪೆಗ್ ಆದ ಮೇಲೆ ಇದನ್ನು ಮಾಡಹೊರಟರೆ ಮಗುವಿನ ಮೈಬಣ್ಣ ಕೆಡುತ್ತದೆ.

ಬಣ್ಣದ ಜಾಗ (ಕಲರ್ ಸ್ಪೇಸ್) ಅಂತ ಕೇಳಿದರೆ ಎಸ್‌ಆರ್‌ಜಿಬಿ ಆರಿಸಿ. ಅಡೋಬಿ ಆರ್‌ಜಿಬಿ ಹೆಸರು ದೊಡ್ಡದು, ಆದರೆ ಅದನ್ನು ಅರ್ಥ ಮಾಡಿಕೊಳ್ಳದ ಆ್ಯಪ್‌ಗಳಲ್ಲಿ ಬಣ್ಣ ಮಂಕಾಗಿ ಕಾಣುತ್ತದೆ. ಗುಣಮಟ್ಟ ನೂರರಲ್ಲಿ 90ರ ಆಸುಪಾಸು ಇಟ್ಟರೆ ಸಾಕು. ನೂರು ಇಟ್ಟರೆ ಫೈಲು ದಪ್ಪ ಆಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಕಡೆಯ ಸಮಾರಂಭಗಳ ಫೋಟೋಗೆ ಇನ್ನೊಂದು ಸೂಕ್ಷ್ಮ ಇದೆ. ಜೆಪೆಗ್ ಜಾಗ ಉಳಿಸಲು ಬೆಳಕಿಗಿಂತ ಬಣ್ಣದ ವಿವರವನ್ನು ಜಾಸ್ತಿ ಕತ್ತರಿಸುತ್ತದೆ. ಗಾಢ ಕೆಂಪು ಸೀರೆಯ ಅಂಚು, ಜರಿ, ಕುಂಕುಮ ಇಂಥ ಕಡೆ ಗೆರೆಗಳು ಕಲಸಿದಂತೆ ಆಗುವುದು ಅದಕ್ಕೇ. ರಾಥೆರಪಿಯಲ್ಲಿ ಸಬ್‌ಸ್ಯಾಂಪ್ಲಿಂಗ್ ಅನ್ನುವ ಕಡೆ ಅತ್ಯುತ್ತಮ ಗುಣಮಟ್ಟ ಆರಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

ಇನ್ನು ಸೋರಿಕೆಯ ಜಾಗಗಳು. ಮೊದಲನೆಯದು ಒನ್‌ಡ್ರೈವ್. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ನಿಮಗೆ ಗೊತ್ತಿಲ್ಲದೆಯೇ ಕ್ಲೌಡ್‌ಗೆ ಹೋಗುತ್ತಿರಬಹುದು. ನೀವು ಆನ್‌ಲೈನ್ ಕನ್ವರ್ಟರ್ ಬೇಡ ಅಂತ ಇಷ್ಟೆಲ್ಲ ಯೋಚನೆ ಮಾಡಿ, ಕಾರ್ಡ್‌ನಿಂದ ಫೋಟೋಗಳನ್ನು ಪಿಕ್ಚರ್ಸ್ ಫೋಲ್ಡರ್‌ಗೆ ಹಾಕಿದರೆ, ಅವೆಲ್ಲ ಸುಮ್ನೆ ಸರ್ವರ್ ಸೇರಿಬಿಡುತ್ತವೆ. ಫೋಲ್ಡರ್‌ನ ವಿಳಾಸದಲ್ಲಿ ಒನ್‌ಡ್ರೈವ್ ಅಂತ ಇದೆಯಾ ನೋಡಿ. ಫೈಲಿನ ಪಕ್ಕ ಮೋಡದ ಗುರುತೋ ಹಸಿರು ಸರಿ ಗುರುತೋ ಇದ್ದರೂ ಅದೇ ಅರ್ಥ. ಡಿ ಡ್ರೈವ್‌ನಲ್ಲಿ ಅಥವಾ ನೇರವಾಗಿ ಸಿ ಡ್ರೈವ್‌ನಲ್ಲಿ ಒಂದು ಬೇರೆ ಫೋಲ್ಡರ್ ಮಾಡಿಕೊಂಡು ಅಲ್ಲಿ ಕೆಲಸ ಮಾಡಿ. ಒನ್‌ಡ್ರೈವ್ ಉಚಿತವಾಗಿ ಕೊಡುವುದೇ 5 ಜಿಬಿ. ನಿಮ್ಮ ಹನ್ನೊಂದು ಜಿಬಿ ಅಲ್ಲಿ ಹಿಡಿಸುವುದೂ ಇಲ್ಲ.

ಫೋನಿನಲ್ಲಿ ಗೂಗಲ್ ಫೋಟೋಸ್ ಬ್ಯಾಕಪ್ ಕೂಡ ಇದೇ ಥರ. ಅಡೋಬಿ ಲೈಟ್‌ರೂಮ್ ಬಳಸುವವರು ಹೆಸರು ನೋಡಿ ಮೋಸ ಹೋಗಬೇಡಿ. ಲೈಟ್‌ರೂಮ್ ಕ್ಲಾಸಿಕ್ ಮೂಲ ಫೋಟೋಗಳನ್ನು ನಿಮ್ಮ ಡಿಸ್ಕ್‌ನಲ್ಲೇ ಇಡುತ್ತದೆ. ಬರೀ ಲೈಟ್‌ರೂಮ್ ಅನ್ನುವುದು ಕ್ಲೌಡ್ ಸುತ್ತ ಕಟ್ಟಿದ್ದು.

ಎರಡನೆಯದು ಫೋಟೋದ ಒಳಗಿನ ಮಾಹಿತಿ, ಅಂದರೆ ಎಕ್ಸಿಫ್. ಎಷ್ಟು ಗಂಟೆಗೆ ತೆಗೆದದ್ದು, ಯಾವ ಲೆನ್ಸ್ ಅನ್ನುವ ಮಟ್ಟಿಗೆ ಇದ್ದರೆ ಪರವಾಗಿಲ್ಲ. ಆದರೆ ನಿಕಾನ್‌ನ ಸ್ನ್ಯಾಪ್‌ಬ್ರಿಡ್ಜ್ ಆ್ಯಪ್ ಜೋಡಿಸಿದ್ದರೆ ಫೋನಿನ ಜಿಪಿಎಸ್ ಸ್ಥಳವೂ ಫೋಟೋಗೆ ಸೇರುತ್ತಿರಬಹುದು. ನಾಮಕರಣ ಮನೆಯಲ್ಲೇ ಆಗಿದ್ದರೆ ಮಗುವಿನ ಮುಖದ ಜೊತೆ ಮನೆಯ ವಿಳಾಸವೂ ಹೋದ ಹಾಗೆ. ಕ್ಯಾಮೆರಾದ ಸೀರಿಯಲ್ ನಂಬರ್ ಕೂಡ ಅಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡವರ ಫೋಟೋಗಳಲ್ಲಿ ಕೆಲವು ಸಲ ಹಳೆಯ ಮಾಲೀಕರ ಹೆಸರೇ ಕಾಪಿರೈಟ್ ಅಂತ ಮುಂದುವರಿಯುತ್ತಿರುತ್ತದೆ. ಕ್ಯಾಮೆರಾದ ಸೆಟಪ್ ಮೆನುವಿನಲ್ಲಿ ಕಾಪಿರೈಟ್ ಮಾಹಿತಿ ಒಮ್ಮೆ ನೋಡಿಕೊಳ್ಳಿ. ನಾಗರಹೊಳೆ, ಬಂಡೀಪುರ ಸುತ್ತುವ ನಮ್ಮ ಫೋಟೋಗ್ರಾಫರ್‌ಗಳಿಗೆ ಇದು ಇನ್ನೂ ಮುಖ್ಯ. ಹಕ್ಕಿ ಗೂಡಿನ ಸ್ಥಳ ಗೊತ್ತಾದರೆ ಮಾರನೇ ದಿನವೇ ಅಲ್ಲಿ ಜನ ಸೇರುತ್ತಾರೆ.

ಎಕ್ಸ್‌ಪೋರ್ಟ್ ಮಾಡುವಾಗಲೇ ಮಾಹಿತಿ ತೆಗೆದುಹಾಕುವ ಆಯ್ಕೆ ಹುಡುಕಿ. ರಾಥೆರಪಿಯಲ್ಲಿ ಮೆಟಾಡೇಟಾ ವಿಭಾಗದಲ್ಲಿ ಎಲ್ಲವನ್ನೂ ಕಿತ್ತುಹಾಕು ಅನ್ನುವ ಆಯ್ಕೆಯೇ ಇದೆ. ಡಾರ್ಕ್‌ಟೇಬಲ್ ಸ್ವಲ್ಪ ಕಿತಾಪತಿ ಮಾಡುತ್ತದೆ. ಬೇಡ ಅನ್ನದಿದ್ದರೆ ನೀವು ಏನೇನು ತಿದ್ದಿದಿರಿ ಅನ್ನುವ ಪಟ್ಟಿಯನ್ನೂ ಜೆಪೆಗ್ ಒಳಗೆ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟಕ್ಕೆ ಹೋದರೆ, ಕೆಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಕೊಂಡಿ ಇದೆ. ಜಿಪಿಎಸ್ ಇದೆಯಾ ಇಲ್ಲವಾ ನೋಡಲೂ ಅದೇ ಪುಟ ಸಾಕು. ಆದರೆ ಅದು ಎಲ್ಲವನ್ನೂ ಒರೆಸುತ್ತದೆ ಅಂತ ನಂಬಿ ಕೂರಬೇಡಿ. ಪಕ್ಕಾ ಮಾಡಬೇಕು ಅಂದರೆ ಎಕ್ಸಿಫ್‌ಟೂಲ್ ಬೇಕು. ಫಿಲ್ ಹಾರ್ವಿ 2003ರಿಂದ ಬೆಳೆಸುತ್ತಾ ಬಂದಿರುವ ಇದು ಈ ಕೆಲಸಕ್ಕೆ ಎಲ್ಲರೂ ನೆಚ್ಚುವ ಸಾಧನ. ಒರೆಸುವ ಕೆಲಸ ಜೆಪೆಗ್ ಮೇಲೆ ಮಾತ್ರ ಮಾಡಿ. ಮೂಲ ಎನ್‌ಇಎಫ್ ಮೇಲೆ ಮಾಡಿದರೆ ಫೋಟೋ ತೆರೆಯಲು ಬೇಕಾದ ಮಾಹಿತಿಯೂ ಹೋಗಬಹುದು.

ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುವ ಜೊತೆಗೆ ಈ ಮಾಹಿತಿಯನ್ನೂ ತೆಗೆಯುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ, ಮಾಹಿತಿಯ ಸಮೇತ. ಗುಣಮಟ್ಟ ಚೆನ್ನಾಗಿರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಮೊದಲು ಒರೆಸಿ, ಆಮೇಲೆ ಕಳಿಸಿ.

ನಿಕಾನ್ ಅಲ್ಲದ ಕ್ಯಾಮೆರಾ ಇರುವವರಿಗೆ ಚಿಕ್ಕದಾಗಿ: ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ಸೋನಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್, ಎರಡೂ ಉಚಿತ. ಫ್ಯೂಜಿಫಿಲ್ಮ್‌ನ ಎಕ್ಸ್ ರಾ ಸ್ಟುಡಿಯೋ ಮಜವಾಗಿದೆ. ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ಕ್ಯಾಮೆರಾದ ಪ್ರೊಸೆಸರ್‌ನಿಂದಲೇ ಕೆಲಸ ಮಾಡಿಸುತ್ತದೆ. ಮ್ಯಾಕ್ ಇದ್ದರೆ ಫೈಂಡರ್‌ನಲ್ಲಿ ಫೋಟೋಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ, ಕ್ವಿಕ್ ಆ್ಯಕ್ಷನ್ಸ್‌ನಲ್ಲಿ ಕನ್ವರ್ಟ್ ಇಮೇಜ್ ನೋಡಿ. ನಿಕಾನ್ ಝಡ್8, ಝಡ್9 ಇರುವವರು ಹೈ ಎಫಿಷಿಯೆನ್ಸಿ ರಾ ಇಟ್ಟುಕೊಂಡಿದ್ದರೆ ಮುಕ್ತ ತಂತ್ರಾಂಶಗಳು ಆ ಫೈಲನ್ನು ಓದದೇ ಹೋಗಬಹುದು. ಆಗ ಎನ್‌ಎಕ್ಸ್ ಸ್ಟುಡಿಯೋವೇ ಗತಿ.

ಕೊನೆಗೆ ಪ್ರಿಂಟ್. ನಿಮ್ಮ ಕ್ಯಾಮೆರಾದ ಫೋಟೋ 6000 ಅಗಲ, 4000 ಎತ್ತರ ಇರುತ್ತದೆ. 12ಕ್ಕೆ 18 ಇಂಚಿನ ಆಲ್ಬಮ್ ಪುಟಕ್ಕೆ ಇಂಚಿಗೆ 300 ಚುಕ್ಕಿಯಂತೆ 5400 ಮತ್ತು 3600 ಬೇಕು. ಆದ್ದರಿಂದ ಆಲ್ಬಮ್‌ಗೆ ಪೂರ್ಣ ಅಳತೆಯಲ್ಲೇ ಎಕ್ಸ್‌ಪೋರ್ಟ್ ಮಾಡಿ, ಕುಗ್ಗಿಸಬೇಡಿ. ಫೋನಿಗೆ ಕಳಿಸುವವನ್ನು ಉದ್ದದ ಬದಿ 2048 ಇಟ್ಟು ಬೇರೆ ಫೋಲ್ಡರ್‌ಗೆ ಹಾಕಿ. ಅಂಗಡಿಗೆ ಒಯ್ಯುವ ಪೆನ್‌ಡ್ರೈವ್‌ನಲ್ಲಿ ಪ್ರಿಂಟ್ ಆಗಬೇಕಾದ ಜೆಪೆಗ್‌ಗಳು ಮಾತ್ರ ಇರಲಿ. ಕ್ಯಾಮೆರಾದ ಕಾರ್ಡನ್ನೇ ಕೊಡಬೇಡಿ. ಫಾರ್ಮ್ಯಾಟ್ ಮಾಡಿದ ಕಾರ್ಡ್‌ನಿಂದಲೂ ಹಳೆಯ ಫೋಟೋಗಳನ್ನು ಫೋಟೋರೆಕ್‌ನಂಥ ಉಚಿತ ತಂತ್ರಾಂಶ ಮರಳಿ ತೆಗೆಯಬಲ್ಲದು. ಅಂಗಡಿಯವರ ಕಂಪ್ಯೂಟರಿಗೆ ಹಾಕಿದ ಫೈಲುಗಳನ್ನು ಪ್ರಿಂಟ್ ಕೈಗೆ ಬಂದ ಮೇಲೆ ನಿಮ್ಮ ಎದುರೇ ಅಳಿಸಲು ಕೇಳಿ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಪೆನ್‌ಡ್ರೈವ್ ಮನೆಗೆ ತಂದ ಮೇಲೆ ತೆರೆಯುವ ಮೊದಲು ಒಮ್ಮೆ ವೈರಸ್ ಸ್ಕ್ಯಾನ್ ಮಾಡಿ.